ಹಿಟ್ಟಿನ ಕೋಳಿ, ಕಾಗದದ ಗುರಿ

2025ರ ಜನವರಿ 23ರಿಂದ ಫೆಬ್ರುವರಿ 17ರವರೆಗೆ ಯಲಹಂಕ ವಾಯುನೆಲೆಯ ಸುತ್ತ 13 ಕಿಲೋಮೀಟರ್ ಫಾಸಲೆಯಲ್ಲಿ ಕುರಿ, ಕೋಳಿ, ಮೀನು ಯಾವುದನ್ನೂ ಮಾರುವಂತಿರಲಿಲ್ಲ. ಮಟನ್ ಸ್ಟಾಲುಗಳು ಬಾಗಿಲು ಹಾಕಬೇಕು, ಹೋಟೆಲುಗಳು ಮಾಂಸದಡುಗೆ ಬಡಿಸಬಾರದು ಎಂದು ಆಗಿನ ಬಿಬಿಎಂಪಿ ಆದೇಶ ಹೊರಡಿಸಿತ್ತು. ಮಹಾವೀರ ಜಯಂತಿಗೋ ಗಾಂಧಿ ಜಯಂತಿಗೋ ಒಂದು ದಿನ ಅಂಗಡಿ ಮುಚ್ಚುವುದು ಊರಿಗೆ ಗೊತ್ತಿರುವ ಸಂಗತಿ. ಇದು ಮೂರೂವರೆ ವಾರಗಳ ವ್ರತ, ಅದೂ ಯುದ್ಧವಿಮಾನಗಳ ಸಲುವಾಗಿ. ಫೆಬ್ರುವರಿ 10ರಿಂದ 14ರವರೆಗೆ ಏರೋ ಇಂಡಿಯಾ ಪ್ರದರ್ಶನ ನಡೆಯಿತು. ಮಾಂಸದಂಗಡಿಯ ಕಸಕ್ಕೆ ಹದ್ದುಗಳು ಸೇರುತ್ತವೆ, ಹದ್ದು ಹೋಗಿ ಎಂಜಿನ್ನಿಗೆ ಸಿಕ್ಕರೆ ವಿಮಾನ ಉರುಳಬಹುದು. 1937ರ ವಿಮಾನ ನಿಯಮಗಳ 91ನೇ ನಿಯಮ ಇದನ್ನು ತಡೆಯಲೆಂದೇ ಇದೆ.

ಹೀಗೆ ಕ್ಷಿಪಣಿ ಹೊತ್ತ ಜೆಟ್‌ಗಳು ಸುರಕ್ಷಿತವಾಗಿ ಹಾರಲೆಂದು ಯಲಹಂಕದಲ್ಲಿ ಕೋಳಿ ಕುರಿಗಳಿಗೆ ಅಷ್ಟು ದಿನ ಕತ್ತಿ ತಪ್ಪಿತು. ಇದು ಅಹಿಂಸೆಯೇ?

ಅಲ್ಲ ಎಂದು ಯಾರಾದರೂ ಥಟ್ಟನೆ ಹೇಳಿಬಿಡುತ್ತಾರೆ. ಆದರೆ ಏಕೆ ಅಲ್ಲ ಎಂದು ಬಿಡಿಸಿ ಹೇಳುವುದು ಕಷ್ಟ. ಸಾಯಬೇಕಾದ ಪ್ರಾಣಿ ಸಾಯಲಿಲ್ಲ ಎಂಬುದು ನಿಜ. ಉಳಿಸಿದವರ ಮನಸ್ಸಿನಲ್ಲಿ ಕೋಳಿ ಇರಲಿಲ್ಲ ಎಂಬುದೂ ನಿಜ. ಹಾಗಾದರೆ ಹಿಂಸೆ ಇರುವುದೆಲ್ಲಿ? ಸತ್ತ ಜೀವದಲ್ಲೋ, ಕೊಂದವನ ಮನಸ್ಸಿನಲ್ಲೋ, ಕತ್ತಿ ಮಾಡಿಕೊಟ್ಟ ಕಮ್ಮಾರನ ಕುಲುಮೆಯಲ್ಲೋ?

ಕನ್ನಡ ನಾಡಿನಲ್ಲಿ ಈ ಪ್ರಶ್ನೆಯ ಹಿಂದೆ ಬಿದ್ದವರು ಜೈನರು. ಜನ್ನ 1209ರಲ್ಲಿ ಬರೆದ ‘ಯಶೋಧರ ಚರಿತೆ’ಯ ಕಥೆ ನಿಂತಿರುವುದೇ ಇದರ ಮೇಲೆ. ಕೆಟ್ಟ ಕನಸು ಕಂಡೆನೆಂದು ಹೇಳಿಕೊಂಡ ರಾಜ ಯಶೋಧರನಿಗೆ ತಾಯಿ ಚಂದ್ರಮತಿ ದೇವಿಗೆ ಬಲಿ ಕೊಡು ಎನ್ನುತ್ತಾಳೆ. ಜೀವಬಲಿಗೆ ಅವನು ಒಪ್ಪುವುದಿಲ್ಲ. ಕೊನೆಗೆ ತಾಯಿಯ ಮಾತು ಮೀರಲಾರದೆ ಹಿಟ್ಟಿನ ಕೋಳಿಗೆ ಒಪ್ಪಿಕೊಳ್ಳುತ್ತಾನೆ. ಕಡಿದಾಗ ಆ ಕೋಳಿ ಕೂಗುತ್ತದೆ. ಒಂದು ಹನಿ ರಕ್ತ ಬೀಳದ ಆ ಬಲಿಗಾಗಿ ತಾಯಿ ಮಗ ಜನ್ಮಜನ್ಮಾಂತರ ಪ್ರಾಣಿಗಳಾಗಿ ಹುಟ್ಟಿ ಕೊಲ್ಲಿಸಿಕೊಳ್ಳುತ್ತಾರೆ. ಯಲಹಂಕದ ಕೋಳಿ ಬದುಕಿದರೂ ಅಲ್ಲಿ ಅಹಿಂಸೆಯಿಲ್ಲ. ಜನ್ನನ ಕೋಳಿಗೆ ಜೀವವೇ ಇಲ್ಲದಿದ್ದರೂ ಅಲ್ಲಿ ಹಿಂಸೆಯಿದೆ. ಈ ಲೆಕ್ಕ ಎಲ್ಲರಿಗೂ ಒಪ್ಪಿಗೆಯಾಗಬೇಕಿಲ್ಲ. ಅದನ್ನು ಪರೀಕ್ಷಿಸಿ ನೋಡಲು ಒಂದು ವಿಚಿತ್ರವಾದ ಜಾಗವಿದೆ: ರೈಫಲ್ ತೋಟಾ ತುಂಬುವುದನ್ನು ಹೊಸದಾಗಿ ಕಲಿಯುತ್ತಿರುವವನ ಮೇಜು.

ಬೆಂಗಳೂರಿನಲ್ಲಿ ಅಂಥ ಮೇಜು ಸುಲಭಕ್ಕೆ ಸಿಗದು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಎರಡನೇ ಸೆಕ್ಷನ್ ಮದ್ದುಗುಂಡು ಎಂದರೇನು ಎಂದು ಹೇಳುವಾಗ ತೋಟಾದ ಬಿಡಿ ಭಾಗಗಳನ್ನೂ ಅದನ್ನು ತಯಾರಿಸುವ ಯಂತ್ರವನ್ನೂ ಆ ವ್ಯಾಖ್ಯೆಯೊಳಗೇ ಸೇರಿಸುತ್ತದೆ. ಒಂದು ಚಿಟಿಕೆ ಮದ್ದು ಇಲ್ಲದ ಒತ್ತುಯಂತ್ರವೂ ಕಾನೂನಿನ ಕಣ್ಣಿಗೆ ಮದ್ದುಗುಂಡೇ. ಐದನೇ ಸೆಕ್ಷನ್ ಪ್ರಕಾರ ಪರವಾನಗಿಯಿಲ್ಲದೆ ಅದನ್ನು ತಯಾರಿಸುವಂತಿಲ್ಲ. ಆರ್.ಟಿ. ನಗರದ ಮಹಡಿ ಮನೆಯಲ್ಲಿ ಭಾನುವಾರದ ಹವ್ಯಾಸವೆಂದು ಇದನ್ನು ಶುರು ಮಾಡಿದವನು ಸೋಮವಾರ ಠಾಣೆಯಲ್ಲಿರುತ್ತಾನೆ. ಅಮೆರಿಕದಲ್ಲಿ ಹಾಗಲ್ಲ, ಮಾರಾಟಕ್ಕಲ್ಲದೆ ಸ್ವಂತ ಬಳಕೆಗೆ ತೋಟಾ ತುಂಬಿಕೊಳ್ಳುವವನಿಗೆ ಅಲ್ಲಿ ಫೆಡರಲ್ ಪರವಾನಗಿ ಬೇಕಿಲ್ಲ. ಹೆಬ್ಬಾಳದಲ್ಲಿ ಬೆಳೆದು ಟೆಕ್ಸಾಸಿನಲ್ಲಿ ನೆಲೆಸಿದ ಸಾಫ್ಟ್‌ವೇರ್ ಉದ್ಯೋಗಿಯೊಬ್ಬ, ಮನೆಯಲ್ಲಿ ಮೊಟ್ಟೆಯನ್ನೂ ಮುಟ್ಟದವನು, ಗುರಿಯಾಟದ ಗೀಳು ಹತ್ತಿ ಗ್ಯಾರೇಜಿನಲ್ಲಿ ಈ ಕೆಲಸಕ್ಕೆ ಕೂತಿದ್ದಾನೆ ಎಂದು ಊಹಿಸಿಕೊಳ್ಳೋಣ.

ರೈಫಲ್ ತೋಟಾದಲ್ಲಿ ನಾಲ್ಕು ಭಾಗ: ಹಿತ್ತಾಳೆಯ ಕೊಳವೆ, ಅದರ ಬುಡದಲ್ಲಿ ಕೇಪು, ಹೊಟ್ಟೆಯಲ್ಲಿ ಮದ್ದು, ಬಾಯಲ್ಲಿ ಗುಂಡು. ಈಡು ಹಾರಿಸಿದಾಗ ಕೇಪು ಸಿಡಿದು, ಮದ್ದು ಉರಿದು, ಗುಂಡು ಹೋಗುತ್ತದೆ, ಹಿತ್ತಾಳೆ ಉಳಿಯುತ್ತದೆ. ಎನ್‌ಸಿಸಿ ಕೆಡೆಟ್ಟುಗಳಿಗೆ ಗೊತ್ತಿರುವ ‘ಖಾಲಿ ಖೋಕಾ’ ಇದೇ, ಆದರೆ ಅವರು ಹೊಡೆಯುವ ಪಾಯಿಂಟ್ 22 ತೋಟಾದಲ್ಲಿ ಸಿಡಿಮದ್ದು ಬುಡದ ಅಂಚಿನೊಳಗೇ ಇರುವುದರಿಂದ ಅದನ್ನು ಮತ್ತೆ ತುಂಬಲು ಬರುವುದಿಲ್ಲ. ದೊಡ್ಡ ರೈಫಲ್ಲಿನ ಹಿತ್ತಾಳೆ ಹಾಗಲ್ಲ, ಹಲವು ಸಲ ಬಾಳುತ್ತದೆ. ಅದನ್ನು ಆರಿಸಿ, ಸೀಳು ಬಿಟ್ಟಿದೆಯೇ ನೋಡಿ, ಒತ್ತುಯಂತ್ರದ ಅಚ್ಚಿಗೆ ಕೊಟ್ಟರೆ ಹಳೆಯ ಕೇಪು ಉದುರುತ್ತದೆ, ಉಬ್ಬಿದ ಕೊಳವೆ ಮೂಲ ಅಳತೆಗೆ ಬರುತ್ತದೆ. ಬಳಿಕ ವರ್ನಿಯರ್ ಹಿಡಿದು ಉದ್ದ ನೋಡಬೇಕು, ಹೆಚ್ಚಿದ್ದರೆ ತರಿಯಬೇಕು, ಹೊಸ ಕೇಪು ಕೂರಿಸಬೇಕು, ತಕ್ಕಡಿಯಲ್ಲಿ ಮದ್ದು ತೂಗಿ ಸುರಿಯಬೇಕು, ಗುಂಡನ್ನು ಬಾಯಿಗಿಟ್ಟು ಒತ್ತಬೇಕು.

ಮಧ್ಯಮ ಗಾತ್ರದ ತೋಟಾಕ್ಕೆ ಹಿಡಿಯುವ ಮದ್ದು ಎರಡೂವರೆಯಿಂದ ಮೂರು ಗ್ರಾಂ. ತೂಗುವ ಮಾನ ಗ್ರೇನ್; ಪೌಂಡಿಗೆ 7000 ಗ್ರೇನ್, ಅಂದರೆ ಒಂದು ಗ್ರೇನ್ ಚಿನಿವಾರರ ಗುಲಗಂಜಿಯ ಅರ್ಧದಷ್ಟು. ಅಷ್ಟು ಮದ್ದು ಉರಿದಾಗ ನಳಿಗೆಯೊಳಗೆ ಹುಟ್ಟುವ ಒತ್ತಡ ವಾಯುಮಂಡಲದ ಒತ್ತಡದ ನಾಲ್ಕು ಸಾವಿರ ಪಟ್ಟು. ಆ ನಳಿಗೆ ಇರುವುದು ಹೊಡೆಯುವವನ ಕೆನ್ನೆಯ ಪಕ್ಕದಲ್ಲಿ.

ಆದ್ದರಿಂದ ಹೊಸಬನಿಗೆ ಮೊದಲು ಕಲಿಸುವುದು ಎಚ್ಚರ. ಮದ್ದು ಸುರಿಯಲು ಮರೆತರೆ ಬರೀ ಕೇಪಿನ ಬಲಕ್ಕೆ ಗುಂಡು ನಳಿಗೆಯೊಳಕ್ಕೆ ನುಗ್ಗಿ ಅಲ್ಲೇ ಸಿಕ್ಕಿಕೊಳ್ಳಬಹುದು; ಅದು ತಿಳಿಯದೆ ಮುಂದಿನ ಈಡು ಹಾರಿಸಿದರೆ ನಳಿಗೆ ಸೀಳಬಹುದು. ಎರಡು ಬಗೆಯ ಮದ್ದು ನೋಡಲು ಒಂದೇ ತೆರನ ಕಪ್ಪು ಕಾಳು, ಉರಿಯುವ ವೇಗ ಮಾತ್ರ ಬೇರೆ; ಅದಲುಬದಲಾದರೂ ಅದೇ ಗತಿ. ಹೀಗಾಗಿ ಕೆಲವು ಕಟ್ಟುಪಾಡುಗಳು. ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಮದ್ದಿನ ಡಬ್ಬಿ. ಅಳತೆ ಪುಸ್ತಕದ ಕೆಳಮಟ್ಟದ ತೂಕದಿಂದಲೇ ಶುರು. ಬೀಡಿ ಸಿಗರೇಟು, ಮೊಬೈಲು, ಹರಟೆ ಯಾವುದೂ ಕೂಡದು. ಮದ್ದು ಸುರಿದ ಕೊಳವೆಗಳನ್ನು ಸಾಲಾಗಿ ನಿಲ್ಲಿಸಿ ಒಂದೊಂದರೊಳಕ್ಕೂ ಬೆಳಕು ಬಿಟ್ಟು ನೋಡಬೇಕು. ಒಂದರ ಮೇಲೆ ಅನುಮಾನ ಬಂದರೂ ಸಾಲಿಗೆ ಸಾಲೇ ಬಿಚ್ಚಿ ಮೊದಲಿಂದ ತೂಗಬೇಕು.

ಜೈನ ಮುನಿಗಳ ಐದು ಸಮಿತಿಗಳನ್ನು ಬಲ್ಲವರಿಗೆ ಇದು ತೀರ ಹೊಸದೆನಿಸದು. ನಡೆಯುವಾಗ, ಮಾತಾಡುವಾಗ, ಆಹಾರ ಸ್ವೀಕರಿಸುವಾಗ, ಮಲಮೂತ್ರ ವಿಸರ್ಜಿಸುವಾಗ ಜೀವಕ್ಕೆ ಕುತ್ತಾಗದಂತೆ ಇರಬೇಕಾದ ಎಚ್ಚರಗಳ ಜೊತೆಗೆ ಆದಾನ ನಿಕ್ಷೇಪಣ ಎಂಬ ಇನ್ನೊಂದಿದೆ: ಒಂದು ವಸ್ತುವನ್ನು ಎತ್ತಿಕೊಳ್ಳುವಾಗ, ಕೆಳಗಿಡುವಾಗ ಇರಬೇಕಾದ ಎಚ್ಚರ. ಶ್ರವಣಬೆಳಗೊಳಕ್ಕೆ ಹೋದವರೆಲ್ಲ ಇದನ್ನು ಕಂಡಿರುತ್ತಾರೆ. ಮುನಿ ಪುಸ್ತಕವನ್ನೋ ಕಮಂಡಲವನ್ನೋ ಇಡುವ ಮೊದಲು ನವಿಲುಗರಿಯ ಪಿಂಛಿಯಿಂದ ಆ ಜಾಗವನ್ನು ಮೆಲ್ಲಗೆ ಗುಡಿಸುತ್ತಾರೆ. ಇದರ ಹಿಂದಿನ ತರ್ಕ ಉಮಾಸ್ವಾತಿಯ ‘ತತ್ತ್ವಾರ್ಥಸೂತ್ರ’ದಲ್ಲಿದೆ. ಪ್ರಾಣಹಾನಿ ಆದಮಾತ್ರಕ್ಕೆ ಅದು ಹಿಂಸೆಯಲ್ಲ, ಪ್ರಮಾದದಿಂದ ಆದದ್ದು ಹಿಂಸೆ ಎಂಬುದು ಅದರ ಸಾರ. ಕುಂದಕುಂದಾಚಾರ್ಯರು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತಾರೆ. ಸಂಪ್ರದಾಯ ಅವರ ಊರೆಂದು ಗುರುತಿಸುವ ಕೊನಕೊಂಡ್ಲ ಬೆಂಗಳೂರಿಗೆ ಉತ್ತರದ ಅನಂತಪುರ ಜಿಲ್ಲೆಯಲ್ಲಿದೆ. ಎದುರಿನ ಜೀವ ಸಾಯಲಿ ಬದುಕಲಿ, ಎಚ್ಚರಗೇಡಿಗೆ ಹಿಂಸೆಯ ದೋಷ ಖಂಡಿತ. ಎಚ್ಚರದಿಂದ ನಡೆದವನಿಗೆ ಬರೀ ಪ್ರಾಣಹಾನಿಯಿಂದ ಕರ್ಮಬಂಧವಿಲ್ಲ ಎನ್ನುತ್ತಾರೆ ‘ಪ್ರವಚನಸಾರ’ದಲ್ಲಿ.

ಹಾಗಾದರೆ ಒಂದು ಗ್ರೇನ್ ಹೆಚ್ಚು ಕಡಿಮೆಯಾಗದಂತೆ ತೂಗುವ ಟೆಕ್ಸಾಸಿನ ಹೆಬ್ಬಾಳದವನು ಮುನಿಗೆ ಸಮಾನನೇ?

ಇಲ್ಲಿ ತರ್ಕ ಎಡವುತ್ತದೆ. ಎಚ್ಚರವೊಂದೇ ಅಹಿಂಸೆಯಾದರೆ ಜಗತ್ತಿನ ಅತ್ಯಂತ ಜಾಗರೂಕ ಕೊಲೆಗಾರನೇ ಅತ್ಯಂತ ಅಹಿಂಸಾವಾದಿ ಎಂದಾಗುತ್ತದೆ. ಆಚಾರ್ಯರಿಗೆ ಇದು ಹೊಳೆಯದೆ ಇರಲಿಲ್ಲ. ಅವರ ಪ್ರಮಾದ ಕೈತಪ್ಪಿಗಷ್ಟೇ ನಿಲ್ಲುವುದಿಲ್ಲ. ರಾಗದ್ವೇಷಗಳಿಗೆ ವಶವಾದ ಮನಸ್ಸೂ ಪ್ರಮತ್ತವೇ. ಸೋಮದೇವಸೂರಿ 959ರ ‘ಯಶಸ್ತಿಲಕ ಚಂಪು’ವಿನಲ್ಲಿ, ಅದೇ ಯಶೋಧರನ ಕಥೆ ಹೇಳಿದ ಗ್ರಂಥದಲ್ಲಿ, ಒಬ್ಬ ಬೆಸ್ತನನ್ನೂ ಒಬ್ಬ ರೈತನನ್ನೂ ಎದುರುಬದುರು ನಿಲ್ಲಿಸುತ್ತಾನೆ. ಒಂದು ಮೀನೂ ಸಿಗದೆ ಬಂದ ಬೆಸ್ತ ಪಾಪಿ, ನೇಗಿಲಿಗೆ ಸಿಕ್ಕಿ ಹುಳುಗಳು ಸತ್ತರೂ ರೈತ ಪಾಪಿಯಲ್ಲ. ವ್ಯತ್ಯಾಸ ಇರುವುದು ಅವರವರ ಬಗೆಯಲ್ಲಿ. ಬೆಸ್ತರ ಮೇಲೆ ಇದು ನಿಷ್ಠುರವಾದ ತೀರ್ಪು. ಅವನೂ ಹೊಟ್ಟೆಪಾಡಿಗೇ ಬಲೆ ಬೀಸಿದವನು, ರೈತನ ಹಾಗೆಯೇ. ಬಗೆಯನ್ನು ಅಳೆಯುವವರು ಹೆಚ್ಚಾಗಿ ಅಕ್ಕಿ ತಿನ್ನುವವರೇ ಆಗಿದ್ದಾಗ ತಕ್ಕಡಿ ಗದ್ದೆಯ ಕಡೆಗೆ ವಾಲುವುದು ಸಹಜ.

ಆ ಪಕ್ಷಪಾತವನ್ನು ಬದಿಗಿಟ್ಟರೂ ಪ್ರಶ್ನೆ ಉಳಿಯುತ್ತದೆ. ಗುರಿಯಾಟಗಾರನ ಬಗೆ ಏನು? ಅವನ ಎದುರು ಇರುವುದು ಕಾಗದ. ಅದರ ಮೇಲೆ ಕಪ್ಪು ವೃತ್ತ ಮಾತ್ರವಿದ್ದರೆ ಅವನು ಜ್ಯಾಮಿತಿಯನ್ನು ಹೊಡೆಯುತ್ತಿದ್ದಾನೆ ಎನ್ನಬಹುದು. ಆದರೆ ಪೊಲೀಸರ ತಾಲೀಮಿನಲ್ಲಿ ‘ಫಿಗರ್ 11’ ಎಂಬ ಗುರಿಹಲಗೆ ಬಳಕೆಯಲ್ಲಿದೆ. ಅದರಲ್ಲಿ ಮೇಲೇರಿ ಬರುತ್ತಿರುವ ಒಬ್ಬ ಮನುಷ್ಯನ ಆಕೃತಿ ಇರುತ್ತದೆ. ಅದೇ ಕಾಗದ, ಅದೇ ಗುಂಡು, ಅದೇ ತೂಕದ ಮದ್ದು. ಜನ್ನನನ್ನು ಕೇಳಿದರೆ ಮೊದಲನೆಯದು ಬರೀ ಹಿಟ್ಟು, ಎರಡನೆಯದು ಹಿಟ್ಟಿನ ಕೋಳಿ ಎಂದಾನು. ಪೊಲೀಸಿನವನು ಅದಕ್ಕೆ ಒಪ್ಪಬೇಕಿಲ್ಲ. ಕೊಲ್ಲುವ ಸಂಕಲ್ಪದಿಂದಲ್ಲ, ಕೊಲ್ಲಲು ಬಂದವನನ್ನು ತಡೆಯಲು ಕಲಿಯುತ್ತಿದ್ದೇನೆ ಎಂದು ಅವನು ಹೇಳಬಹುದು. ಆ ಉತ್ತರಕ್ಕೂ ಜೈನರಲ್ಲಿ ಜಾಗವಿದೆ. ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸಿ, ಗೃಹಸ್ಥ ಪೂರ್ತಿ ಬಿಡಬೇಕಾದದ್ದು ಸಂಕಲ್ಪಿಯನ್ನು ಎನ್ನುತ್ತಾರೆ. ಅಡುಗೆ ಮನೆಯಲ್ಲಿ, ಕಸುಬಿನಲ್ಲಿ, ಆತ್ಮರಕ್ಷಣೆಯಲ್ಲಿ ಆಗುವುದು ಉಳಿದ ಮೂರು.

ಗಂಗರ ನಾಡು ನಡೆದದ್ದು ಈ ವಿಂಗಡಣೆಯ ಮೇಲೆ. 2018ರಲ್ಲಿ ಹೆಬ್ಬಾಳದಲ್ಲಿ ಮಣ್ಣು ಅಗೆಯುವಾಗ ಸಿಕ್ಕ ವೀರಗಲ್ಲು ಸುಮಾರು ಕ್ರಿ.ಶ. 750ರದು, ಗಂಗ ದೊರೆ ಶ್ರೀಪುರುಷನ ಕಾಲದ್ದು. ರಟ್ಟವಾಡಿಯವರು ದಾಳಿಗೆ ಬಂದಾಗ ಎದುರಿಸಿ ಸತ್ತ ಕಿತ್ತಯ್ಯನ ನೆನಪಿಗೆ ಅದನ್ನು ನೆಟ್ಟರು. ಎರಡು ಶತಮಾನಗಳ ಬಳಿಕ ಅದೇ ವಂಶದ ಎರಡನೇ ಮಾರಸಿಂಹ ಬದುಕಿನುದ್ದಕ್ಕೂ ಯುದ್ಧ ಮಾಡಿ ಕೊನೆಗೆ ಬಂಕಾಪುರದಲ್ಲಿ ಗುರು ಅಜಿತಸೇನರ ಸನ್ನಿಧಿಯಲ್ಲಿ ಸಲ್ಲೇಖನ ಕೈಗೊಂಡು ದೇಹಬಿಟ್ಟ. ಅವನ ದಂಡನಾಯಕ ಚಾವುಂಡರಾಯನಿಗೆ ಸಮರ ಪರಶುರಾಮ ಎಂಬ ಬಿರುದಿತ್ತು. ವಿಂಧ್ಯಗಿರಿಯ ಮೇಲೆ ನಿರಾಯುಧನಾದ, ನಿರ್ವಸ್ತ್ರನಾದ ಬಾಹುಬಲಿಯನ್ನು ನಿಲ್ಲಿಸಿದವನೂ ಅವನೇ. ಕತ್ತಿ ಹಿಡಿದವನು ಧರ್ಮದಿಂದ ಹೊರಗೆ ಎಂದು ಆ ಕಾಲ ಹೇಳಲಿಲ್ಲ.

ಆದರೆ ಕತ್ತಿಯನ್ನು ಇನ್ನೊಬ್ಬನ ಕೈಗೆ ಕೊಡುವವನ ವಿಷಯದಲ್ಲಿ ಅದೇ ಪರಂಪರೆ ಬಿಗಿ. ಸಮಂತಭದ್ರರ ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಶ್ರಾವಕ ಬಿಡಬೇಕಾದ ಐದು ಅನರ್ಥದಂಡಗಳಲ್ಲಿ, ಅಂದರೆ ಪ್ರಯೋಜನವಿಲ್ಲದೆ ಮಾಡುವ ಹಾನಿಗಳಲ್ಲಿ, ಒಂದು ಹಿಂಸಾದಾನ: ಕೊಡಲಿ, ಕತ್ತಿ, ಬೆಂಕಿ, ವಿಷ, ಸಂಕೋಲೆಗಳಂಥ ಕೊಲ್ಲುವ ನೋಯಿಸುವ ಸಾಧನಗಳನ್ನು ಪರರಿಗೆ ಕೊಡುವುದು. ಬುದ್ಧನೂ ಉಪಾಸಕ ಮಾಡಬಾರದ ಐದು ವ್ಯಾಪಾರಗಳಲ್ಲಿ ಶಸ್ತ್ರವನ್ನು ಮೊದಲಿಟ್ಟ. ಕೈ ಬದಲಾಯಿಸಿದ ಕ್ಷಣವೇ ಸಾಧನ ಅದನ್ನು ಮಾಡಿದವನ ಬಗೆಯಿಂದ ಬಿಡಿಸಿಕೊಳ್ಳುತ್ತದೆ ಎಂಬುದನ್ನು ಇಬ್ಬರೂ ಗುರುತಿಸಿದ್ದರು.

ತನ್ನ ಹೆಸರಿನ ರೈಫಲ್ ರೂಪಿಸಿದ ಮಿಖಾಯಿಲ್ ಕಲಾಶ್ನಿಕೋವ್ ಅದನ್ನು ತೊಂಬತ್ತು ದಾಟಿದ ಮೇಲೆ ಬರೆದ. 2012ರಲ್ಲಿ ರಷ್ಯಾದ ಧರ್ಮಗುರು ಪೇಟ್ರಿಯಾರ್ಕ್ ಕಿರಿಲ್ ಅವರಿಗೆ ಅವನು ಕಳಿಸಿದ ಪತ್ರ, ಅವನು ಸತ್ತ ಮರುತಿಂಗಳು, 2014ರ ಜನವರಿಯಲ್ಲಿ ‘ಇಜ್ವೆಸ್ತಿಯಾ’ ಪತ್ರಿಕೆಯಲ್ಲಿ ಅಚ್ಚಾಯಿತು. ತನ್ನ ರೈಫಲ್ ಜನರ ಪ್ರಾಣ ತೆಗೆದಿದ್ದರೆ, ಆ ಸಾವುಗಳಿಗೆ, ಶತ್ರುಗಳ ಸಾವಿಗೂ ಸೇರಿ, ತಾನು ಹೊಣೆಯೇ ಎಂಬ ಸಂಕಟ ಅದರಲ್ಲಿತ್ತು. ತಾಯ್ನಾಡಿನ ರಕ್ಷಣೆಗೆ ಬಳಸಿದ ಆಯುಧವನ್ನೂ ಅದನ್ನು ರೂಪಿಸಿದವರನ್ನೂ ಚರ್ಚು ಬೆಂಬಲಿಸುತ್ತದೆ ಎಂಬುದು ಚರ್ಚಿನ ಕಡೆಯ ಉತ್ತರ. ವಿರೋಧಿ ಹಿಂಸೆಯ ಉತ್ತರವೇ ಇದು. ಕೇಳಿದ ಪ್ರಶ್ನೆ ಮಾತ್ರ ಹಿಂಸಾದಾನದ್ದು.

ಇದನ್ನು ಮಾಸ್ಕೋದ ಸಂಕಟವೆಂದು ಉತ್ತರ ಬೆಂಗಳೂರು ತಳ್ಳಿಹಾಕುವಂತಿಲ್ಲ. 1954ರಲ್ಲಿ ಶುರುವಾದ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್, ಯಲಹಂಕದ ವಾಯುನೆಲೆ, ಸಿಆರ್‌ಪಿಎಫ್ ಗ್ರೂಪ್ ಸೆಂಟರ್, ಪೀಣ್ಯದ ಸಾವಿರಾರು ಲೇತುಗಳು: ಈ ಭಾಗದ ಎಷ್ಟೋ ಮನೆಗಳ ಸಾಲ, ಮಕ್ಕಳ ಫೀಸು, ಮದುವೆ ಇವುಗಳಿಂದಲೇ ನಡೆದಿವೆ. ರೇಡಾರಿನ ಹಲಗೆಗೆ ಬೆಸುಗೆ ಹಾಕುವಾಕೆ ಯಾರನ್ನೂ ಕೊಲ್ಲುವುದಿಲ್ಲ. ರೇಡಾರು ತೋರಿಸಿದ ಗುರಿಗೆ ಬೇರೊಬ್ಬ ಕ್ಷಿಪಣಿ ಬಿಡುತ್ತಾನೆ, ಆ ಕ್ಷಿಪಣಿಯ ತಿರುಪನ್ನು ಇನ್ನೆಲ್ಲೋ ಇನ್ನೊಬ್ಬ ಕಡೆದಿರುತ್ತಾನೆ. ಹತ್ತನೇ ಶತಮಾನದ ಅಮೃತಚಂದ್ರಸೂರಿ ‘ಪುರುಷಾರ್ಥ ಸಿದ್ಧ್ಯುಪಾಯ’ದಲ್ಲಿ ಇಂಥ ಲೆಕ್ಕವನ್ನೇ ಬಿಡಿಸುತ್ತಾರೆ. ಒಬ್ಬ ಮಾಡಿದ ಹಿಂಸೆಯ ಫಲ ಹಲವರಿಗೆ ಬರಬಹುದು, ಹಲವರು ಮಾಡಿದ್ದರ ಫಲ ಒಬ್ಬನಿಗೇ ಬರಬಹುದು. ಮಾಡದೆಯೂ ಫಲ ಉಣ್ಣುವವರಿದ್ದಾರೆ, ಮಾಡಿಯೂ ಉಣ್ಣದವರಿದ್ದಾರೆ. ಕಾರ್ಖಾನೆಯ ಯುಗ ಹುಟ್ಟುವ ಮೊದಲೇ ಕಾರ್ಖಾನೆಯ ನೀತಿಶಾಸ್ತ್ರ ಬರೆದಿಟ್ಟಂತಿದೆ ಅದು.

ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಈ ಯಂತ್ರಗಳೆಲ್ಲ ನಿಲ್ಲುತ್ತವೆ. ಯಶವಂತಪುರದ ಮಾರುಕಟ್ಟೆಯಲ್ಲಿ ಬೂದುಗುಂಬಳ, ಬಾಳೆಕಂದು ರಾಶಿ ಬೀಳುತ್ತವೆ. ಕುಂಬಳಕ್ಕೆ ತೂತು ಕೊರೆದು ಕುಂಕುಮ ತುಂಬಿ ಗೇಟಿನ ಮುಂದೆ ಒಡೆಯುತ್ತಾರೆ. ಬಲಿಯ ಜಾಗಕ್ಕೆ ಬಂದ ಕಾಯಿ ಅದು, ಹಿಟ್ಟಿನ ಕೋಳಿಯ ತಂಗಿ. ಕೊಡವರು ಸೆಪ್ಟೆಂಬರಿನ ಕೈಲ್ ಪೊಳ್ದ್‌ನಲ್ಲಿ ಕೋವಿಗೆ ಹೂವಿಟ್ಟು ಪೂಜಿಸಿ ತೆಂಗಿನಕಾಯಿಗೆ ಗುರಿಯಿಡುತ್ತಾರೆ. ಗಂಡುಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು ಎಂಬುದು ಅವರ ಹಳೆಯ ರೂಢಿ. ಅಲ್ಲಿ ಮದ್ದು ಸುದ್ದಿ ಮುಟ್ಟಿಸುತ್ತದೆ, ಕೊಲ್ಲುವುದಿಲ್ಲ. ಅವರಿಗಿರುವ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದ್ದನ್ನು ಕರ್ನಾಟಕ ಹೈಕೋರ್ಟು 2021ರಲ್ಲಿ ಎತ್ತಿಹಿಡಿಯಿತು. ಪೂಜೆ ಆಯುಧದ ದೋಷವನ್ನು ತೊಳೆಯುತ್ತದೆಯೋ ಇಲ್ಲವೋ, ಮನೆಯೊಳಗಿನ ಆಯುಧಕ್ಕೆ ಮನೆಯವರೆಲ್ಲರ ಕಣ್ಣು ವರ್ಷಕ್ಕೊಮ್ಮೆಯಾದರೂ ಬೀಳುವಂತೆ ಮಾಡುತ್ತದೆ.

ಗ್ಯಾರೇಜಿನ ಹೊಸಬನ ಸ್ಥಿತಿ ಇವರೆಲ್ಲರಿಗಿಂತ ಬೇರೆ. ಬೆಸುಗೆ ಹಾಕುವಾಕೆಗೆ ಇರುವ ದೂರ ಅವನಿಗಿಲ್ಲ. ಕೇಪು ಕೂರಿಸಿದವನು, ಮದ್ದು ತೂಗಿದವನು, ಡಬ್ಬಿಗೆ ಬೀಗ ಹಾಕಿದವನು, ಕೊನೆಗೆ ಕುದುರೆ ಎಳೆದವನು ಎಲ್ಲ ಒಬ್ಬನೇ. ಡಬ್ಬಿಯ ಮೇಲೆ ತಾರೀಖು, ಮದ್ದಿನ ಹೆಸರು, ತೂಕ, ಗುಂಡಿನ ವಿವರ ಬರೆದ ಚೀಟಿ ಅವನ ಕೈಬರಹದಲ್ಲೇ ಇರುತ್ತದೆ. ಅಮೃತಚಂದ್ರರ ಗೋಜಲು ಗಣಿತ ಇಲ್ಲಿ ಒಂದೇ ಸಾಲಿಗೆ ಇಳಿಯುತ್ತದೆ. ಅಂಗಡಿಯಲ್ಲಿ ತೋಟಾ ಕೊಂಡು ತಂದವನು ಗುಂಡು ತಪ್ಪಿದರೆ ಕಂಪನಿಯನ್ನು ದೂರಬಹುದು, ಇವನು ಯಾರನ್ನೂ ದೂರುವಂತಿಲ್ಲ. ಈ ಹವ್ಯಾಸಿಗಳಲ್ಲಿ ಒಂದು ಕಟ್ಟುಪಾಡು ಎಲ್ಲೆಡೆಯೂ ಇದೆ: ನೀನು ತುಂಬಿದ ತೋಟಾವನ್ನು ಇನ್ನೊಬ್ಬರಿಗೆ ಕೊಡಬೇಡ, ಇನ್ನೊಬ್ಬರು ತುಂಬಿದ್ದನ್ನು ನಿನ್ನ ಬಂದೂಕಿಗೆ ಹಾಕಬೇಡ. ಒಂದು ರೈಫಲ್ಲಿಗೆ ಹೊಂದಿದ ತೂಕ ಇನ್ನೊಂದರ ನಳಿಗೆಯನ್ನು ಒಡೆಯಬಹುದೆಂಬ ಭಯದಿಂದ ಹುಟ್ಟಿದ ನಿಯಮ ಅದು. ಸಮಂತಭದ್ರರ ಹೆಸರನ್ನೇ ಕೇಳದ ಜನ ಕೈಬೆರಳು ಉಳಿಸಿಕೊಳ್ಳುವ ಸಲುವಾಗಿ ಹಿಂಸಾದಾನ ತ್ಯಾಗದ ಒಂದು ತುಣುಕನ್ನು ಪಾಲಿಸುತ್ತಿದ್ದಾರೆ.

ಇಷ್ಟಾದರೂ ಆಚಾರ್ಯರು ಅವನನ್ನು ಪೂರ್ತಿ ಬಿಟ್ಟುಬಿಡಲಾರರು. ಅವರ ಮುಂದಿನ ಪ್ರಶ್ನೆ ಪ್ರಯೋಜನದ್ದು. ರೈತನಿಗೆ ಬೆಳೆ, ಕಿತ್ತಯ್ಯನಿಗೆ ಊರು. ಕಾಗದದ ನಡುವೆ ತೂತು ಮಾಡುವುದರಲ್ಲಿ ಯಾವ ಅರ್ಥವಿದೆ? ನಮ್ಮ ಶಸ್ತ್ರಾಸ್ತ್ರ ಕಾಯ್ದೆ ಇದಕ್ಕೆ ತನ್ನದೇ ಉತ್ತರ ಕೊಟ್ಟಿದೆ. ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯನಿಗೆ ಗುರಿ ಅಭ್ಯಾಸಕ್ಕೆಂದು ಪಾಯಿಂಟ್ 22 ರೈಫಲ್ಲಿನ ಪರವಾನಗಿ ಕೊಡುವ ಅದರ 13ನೇ ಸೆಕ್ಷನ್ ಆಟವನ್ನೂ ಒಂದು ಪ್ರಯೋಜನವೆಂದು ಒಪ್ಪುತ್ತದೆ, ಜೊತೆಗೆ ಮದ್ದು ತುಂಬುವ ಯಂತ್ರವನ್ನು ಅದೇ ಆಟಗಾರನ ಮನೆಗೆ ಸುಲಭವಾಗಿ ಬಿಡುವುದಿಲ್ಲ. ಅಮೆರಿಕದ ಕಾನೂನು ಯಂತ್ರವನ್ನು ಬಿಟ್ಟು, ಪ್ರಯೋಜನವೇನೆಂದು ಕೇಳುವುದನ್ನೇ ಕೈಬಿಟ್ಟಿದೆ. ಅನರ್ಥದಂಡದ ವ್ರತ ತೊಟ್ಟ ಶ್ರಾವಕನೊಬ್ಬ ಇವೆರಡನ್ನೂ ಓದಿದರೆ, ಸೀಸದ ಧೂಳು ಮೆತ್ತಿದ ಕೈಯನ್ನು ಮಗು ಹಿಡಿಯುವ ಮೊದಲು ತೊಳೆದೆಯಾ, ಕಾಗದದ ಹಿಂದೆ ಗುಂಡು ತಡೆಯುವ ಮಣ್ಣಿನ ದಿಬ್ಬ ಎಷ್ಟು ದಪ್ಪವಿದೆ, ಬೀಗದ ಕೈ ಯಾರ ಬಳಿ ಇದೆ ಎಂದು ಮೊದಲು ಕೇಳಿ, ಆಮೇಲೆ ಈ ವಾರ ಇಷ್ಟು ತೋಟಾ ಬೇಕಿತ್ತೇ ಎಂದು ವಿಚಾರಿಸುತ್ತಾನೆ. ಮೊದಲ ಮೂರಕ್ಕೆ ಹೊಸಬನ ಬಳಿ ಉತ್ತರ ಸಿದ್ಧವಿರಬಹುದು. ನಾಲ್ಕನೆಯದಕ್ಕೆ ಅಳತೆ ಪುಸ್ತಕದಲ್ಲಿ ಪುಟವಿಲ್ಲ.